ಹಾಡಿದ್ದು ಆನೆಯೋ ಮೊಲವೋ

ಸೋಮವಾರ, ಮಾರ್ಚ್ 3

ಕೋಣೆ 24 ಡಿಗ್ರಿ. ಹೊಸ ನೋಟ್‌ಬುಕ್ಕು, ಹೊಸ ಪೆನ್ನು, ಅದೇ ಹಳೇ ಕುರ್ಚಿ.

ಎರಡು ಡಬ್ಬಗಳು ಬಂದಿವೆ, ಒಂದು ಕೆಂಪು, ಒಂದು ನೀಲಿ. ಈ ತಿಂಗಳ ಪತ್ರಿಕೆಗೆ ಎರಡು ಗ್ರಾಫಿಕ್ಸ್ ಕಾರ್ಡುಗಳ ಹೋಲಿಕೆ. ಡಬ್ಬದ ಬೆನ್ನ ಮೇಲೆ ಬರೆದದ್ದನ್ನು ಓದಿದರೆ ಒಂದೇ ಬಸಿರಲ್ಲಿ ಹುಟ್ಟಿದವು ಅನ್ನಬೇಕು. ಎರಡಕ್ಕೂ ಹದಿನಾರು ಜಿಬಿ ಮೆಮೊರಿ, ಎರಡಕ್ಕೂ ಮೂರು ಫ್ಯಾನು. ಕೆಂಪು 260 ವ್ಯಾಟ್ ನುಂಗುತ್ತದೆ, ನೀಲಿ 255. ವೇಗ ಮಾತ್ರ ಕೆಂಪಿನದು ಒಂದು ಹೆಜ್ಜೆ ಮುಂದೆ: 2610 ಮೆಗಾಹರ್ಟ್ಸ್, ನೀಲಿಯದು 2475. ಅದನ್ನೇ ಕೆಂಪು ಡಬ್ಬದವರು ಅಂಗೈಯಗಲದ ಅಕ್ಷರದಲ್ಲಿ ಹೊಡೆಸಿದ್ದಾರೆ. ಡಬ್ಬ ಹೇಳಿದ್ದನ್ನೆಲ್ಲ ನಂಬುವುದಾದರೆ ನಾನು ಹನ್ನೊಂದು ವರ್ಷ ಈ ಕೋಣೆಯಲ್ಲಿ ಯಾಕೆ ಕೂರಬೇಕಿತ್ತು?

ಪ್ರತಿ ಸಲದಂತೆ ಮೊದಲ ಪುಟದಲ್ಲಿ ನನ್ನ ಕಟ್ಟಳೆಗಳನ್ನು ಬರೆದುಕೊಳ್ಳುತ್ತೇನೆ. ಎರಡು ಕಂಪ್ಯೂಟರ್ ಪೆಟ್ಟಿಗೆಗಳು, ಸ್ಕ್ರೂ ಸಮೇತ ಒಂದೇ ಥರದವು. ಒಂದಕ್ಕೆ ಆನೆಯ ಚೀಟಿ, ಇನ್ನೊಂದಕ್ಕೆ ಮೊಲದ ಚೀಟಿ. ಮಗಳು ಶಾಲೆಗೆ ಹೋಗುವಾಗ ಪುಸ್ತಕಕ್ಕೆ ಅಂಟಿಸುತ್ತಿದ್ದ ಚೀಟಿಗಳು, ಇನ್ನೂ ಒಂದು ಹಾಳೆ ಉಳಿದಿದೆ. ನಾನು ಹೊರಗೆ ನಿಂತಾಗ ಭಾವ ಕಾರ್ಡುಗಳನ್ನು ಕೂರಿಸಿ ಪೆಟ್ಟಿಗೆಗೆ ಬೀಗ ಹಾಕುತ್ತಾರೆ. ಯಾವುದರೊಳಗೆ ಯಾವುದು ಎಂದು ಬರೆದು, ಲಕೋಟೆಗೆ ಅಂಟು ಬಳಿದು ನನ್ನ ಕೈಗೆ ಕೊಡುತ್ತಾರೆ. ಕೀಲಿ ಅವರ ಜೇಬಲ್ಲಿ, ಲಕೋಟೆ ನನ್ನ ಬೀರುವಿನಲ್ಲಿ. ನನ್ನ ಪರದೆಯ ಮೇಲೆ ಕಾರ್ಡಿನ ಹೆಸರೂ ಬರುವುದಿಲ್ಲ, ಬರೀ ಅಂಕಿ. ಅಂಕಿ ಬರೆದು ಸಹಿ ಹಾಕಿದ ಮೇಲೆಯೇ ಲಕೋಟೆ ಒಡೆಯುವುದು. ಯಾವುದು ಯಾರದೆಂದು ಗೊತ್ತಿದ್ದರೆ ಕೈ ತಾನಾಗಿಯೇ ಒಂದು ಕಡೆ ವಾಲುತ್ತದೆ, ಮನುಷ್ಯರ ಹಣೆಬರಹವೇ ಅಷ್ಟು.

ಈ ಕಟ್ಟಳೆಗಳನ್ನು ಮಾಡಿದ್ದು ನಾನು. ಒಪ್ಪಿದ್ದು ಭಾವ. ಪತ್ರಿಕೆ ಅವರದು, ತೀರ್ಪು ಬರೆಯುವವರೂ ಅವರೇ. ಆದರೂ ನನ್ನ ಅಂಕಿಪಟ್ಟಿಯ ಒಂದು ಚುಕ್ಕೆಯನ್ನೂ ಮುಟ್ಟುವುದಿಲ್ಲ. ನಮ್ಮ ಮನೆಯವರು ತೀರಿಹೋದ ಮೇಲೆ ಗೋಡೆ ನೋಡುತ್ತ ಕೂತಿದ್ದವಳನ್ನು ಕರೆತಂದು, ಸ್ಕ್ರೂಡ್ರೈವರ್ ಹಿಡಿಯುವುದನ್ನು ಹೇಳಿಕೊಟ್ಟ ಮನುಷ್ಯ. ಅಕ್ಕನ ಗಂಡ ಅನ್ನುವುದಕ್ಕಿಂತ ಗುರು ಅನ್ನಬೇಕು.

ಮನೆಗೆ ಬಂದರೆ ಮಗಳು ಬಾಗಿಲಲ್ಲೇ ಹಿಡಿದಳು.

"ಅಮ್ಮ, ಒಂದೇ ಮಾತು ಹೇಳು. ಕೆಂಪಾ, ನೀಲಿನಾ?"

"ನನಗೇ ಗೊತ್ತಿಲ್ಲ ಕಣೇ."

"ಏನನ್ನ ಟೆಸ್ಟ್ ಮಾಡ್ತಿದೀನಿ ಅಂತ ಗೊತ್ತಿಲ್ದೆ ಟೆಸ್ಟ್ ಮಾಡೋದು! ಎಂಥಾ ಕೆಲಸ ಅಮ್ಮ ನಿಂದು?"

ಅವಳ ಅವಸರ ಅವಳಿಗೆ. ಚಿತ್ರಶಾಲೆಗೆ ಸೇರಲು ಮೂರು ನಿಮಿಷದ ಕಾರ್ಟೂನ್ ಸಿನಿಮಾ ಕಳಿಸಬೇಕು, 24ರ ಮಧ್ಯಾಹ್ನ ಹನ್ನೆರಡಕ್ಕೆ ಕೊನೆ. ಒಂದು ಇರುವೆ ಸೂಜಿಯೊಂದನ್ನು ಹೊತ್ತು ಗೂಡಿಗೆ ಒಯ್ಯುವ ಕಥೆ. ಇರುವೆಯ ಮೈಮೇಲಿನ ಬೆಳಕು, ಸೂಜಿಯ ಹೊಳಪು ಎಲ್ಲವನ್ನೂ ಕಾರ್ಡು ಲೆಕ್ಕ ಹಾಕಿ ಚಿತ್ರ ಮಾಡಬೇಕು, ಒಂದೊಂದು ಚಿತ್ರಕ್ಕೆ ಒಂದೊಂದು ನಿಮಿಷ. ಅಂದರೆ ಮೂರು ದಿನ ಬಿಡುವಿಲ್ಲದೆ ಓಡಬೇಕು. ನಾವು ಕೂಡಿಟ್ಟದ್ದು ಒಂದೇ ಕಾರ್ಡಿಗೆ ಸಾಕು, ಎರಡನೇ ಸಲ ತಪ್ಪು ಮಾಡಲು ಇಲ್ಲ.

"ಹದಿನೈದಕ್ಕೆ ಹೇಳ್ತೀನಿ. ನನ್ನ ಸಹಿ ಬಿದ್ದದ್ದನ್ನೇ ಕೊಳ್ಳೋಣ" ಎಂದೆ.

ಬುಧವಾರ, ಮಾರ್ಚ್ 5

ಕೋಣೆ 24.

ಚಿಕ್ಕ ಪರೀಕ್ಷೆಗಳು ಮುಗಿದವು. ಹತ್ತು ಹತ್ತು ನಿಮಿಷದ ಆಟಗಳು, ಸೆಕೆಂಡಿಗೆ ಎಷ್ಟು ಚಿತ್ರ ಬರುತ್ತದೆ ಎಂಬ ಎಣಿಕೆ. ಆನೆ 92, ಮೊಲ 86. ಇನ್ನೊಂದು ಆಟದಲ್ಲಿ ಆನೆ 118, ಮೊಲ 111. ಎಲ್ಲದರಲ್ಲೂ ಆನೆಯೇ ಮುಂದೆ.

ಆನೆಗೆ ಒಂದು ಚಟವಿದೆ, ಅದು ಹಾಡುತ್ತದೆ. ಕೆಲಸ ಜೋರಾದಾಗ ಕೆಲವು ಕಾರ್ಡುಗಳೊಳಗಿನ ತಂತಿಸುರುಳಿ ನಡುಗಿ ಸಣ್ಣಗೆ ಸೀಟಿ ಹೊಡೆಯುತ್ತದೆ, ಸೊಳ್ಳೆ ಕಿವಿಯ ಹತ್ತಿರ ಬಂದಂತೆ. ಮೊಲ ತೆಪ್ಪಗಿದೆ. ನನ್ನ ಪಟ್ಟಿಯಲ್ಲಿ ಸದ್ದಿಗೆ ಕಾಲಂ ಇಲ್ಲ, ಇಟ್ಟರೆ ಯಾವುದು ಯಾರದೆಂದು ಊಹಿಸುವ ಆಸೆ ಹುಟ್ಟುತ್ತದೆ. ಅದಕ್ಕೇ ಇಲ್ಲಿ ಬರೆದು ಮರೆಯುತ್ತೇನೆ.

ಊಟದ ಹೊತ್ತಿಗೆ ಬಂದ ಭಾವನಿಗೆ "ಆನೆ ಹಾಡ್ತಿದೆ, ಕೇಳಿಸ್ತಾ?" ಎಂದೆ. ಅವರು ಬಗ್ಗಿ, ಕಿವಿಗೆ ಕೈ ಅಡ್ಡ ಹಿಡಿದು, "ನನಗೇನೂ ಇಲ್ಲಪ್ಪ. ನಿನ್ನದು ಕಿವಿಯೋ ಯಂತ್ರವೋ?" ಎಂದು ನಕ್ಕರು.

ಕಿವಿ ಮೊದಲಿಂದಲೂ ಹೀಗೇ. ಚಿಕ್ಕಂದಿನಲ್ಲಿ ಅಕ್ಕನಿಗೆ ಉಬ್ಬಸವಿತ್ತು. ಪಕ್ಕದ ಕೋಣೆಯಲ್ಲಿ ಅವಳ ಉಸಿರಿನೊಳಗೆ ಸೀಟಿ ಶುರುವಾದರೆ ಅಮ್ಮನಿಗಿಂತ ಮೊದಲು ನನಗೆ ಕೇಳುತ್ತಿತ್ತು. ಓಡಿ ಹೋಗಿ ಅಮ್ಮನನ್ನು ಎಳೆದು ತರುತ್ತಿದ್ದೆ. "ಇವಳ ಕಿವಿಯಿಂದ ನಾನು ಬದುಕಿದ್ದೀನಿ" ಎಂದು ಅಕ್ಕ ಇವತ್ತಿಗೂ ಕಂಡಕಂಡವರಿಗೆ ಹೇಳುತ್ತಾಳೆ. ಅವಳು ಹಾಗೆ ಹೇಳಿದಾಗ ನಾನು ಉಬ್ಬಿಹೋಗುತ್ತೇನೆ, ನಾಚಿಕೆಯಿಲ್ಲದೆ ಬರೆದುಕೊಳ್ಳುತ್ತಿದ್ದೇನೆ.

ಶನಿವಾರ, ಮಾರ್ಚ್ 8

ಕೋಣೆ 24. ದಿನ ದಂಡ.

ಉದ್ದದ ಪರೀಕ್ಷೆ ಇವತ್ತು ಶುರು, ನಾಲ್ಕು ಗಂಟೆ ಬಿಡದೆ ಓಡಿಸುವುದು. ಕಾರ್ಡಿನ ನಿಜವಾದ ಗುಣ ಆಗಲೇ ಗೊತ್ತಾಗುವುದು, ಮೊದಲ ಹತ್ತು ನಿಮಿಷ ಯಾರು ಬೇಕಾದರೂ ಓಡಿಯಾರು. ಆನೆ ಸೆಕೆಂಡಿಗೆ 61 ಚಿತ್ರದ ವೇಗದಲ್ಲಿ ಹೊರಟಿತು. ನಲವತ್ತು ನಿಮಿಷ ಚೆನ್ನಾಗಿತ್ತು. ಆಮೇಲೆ ಬಿಸಿಯೇರಿ ಸುಸ್ತಾಗಿ 46ಕ್ಕೆ ಇಳಿಯಿತು, ಮತ್ತೆ ಮೇಲೇಳಲಿಲ್ಲ. ಹಾಡು ಮಾತ್ರ ನಿಲ್ಲಿಸಲಿಲ್ಲ.

ಭಾವ ಬಂದು ಪರದೆ ನೋಡಿದರು. ತುಂಬ ಹೊತ್ತು ನೋಡಿದರು. ಆಮೇಲೆ ಗೋಡೆಯ ಪ್ಲಗ್ ಅಲ್ಲಾಡಿಸಿ, "ಇದು ಸಡಿಲ ಆಗಿದೆ ಕಣಮ್ಮ. ಕರೆಂಟು ಸರಿಯಾಗಿ ಬಂದಿಲ್ಲ. ಈ ಟೆಸ್ಟ್ ಲೆಕ್ಕಕ್ಕಿಲ್ಲ, ಸೋಮವಾರ ಹೊಸದಾಗಿ ಮಾಡು" ಎಂದರು.

ರದ್ದಾದ ಪರೀಕ್ಷೆಯ ಹಾಳೆಯನ್ನು ಹರಿದು ಹಾಕುವುದು ನನ್ನದೇ ಕಟ್ಟಳೆ. ಹರಿದೆ.

ಸೋಮವಾರ, ಮಾರ್ಚ್ 10

ಕೋಣೆ 24. ಇವತ್ತು ಬರೆಯುವುದು ತುಂಬ ಇದೆ.

ಬೆಳಿಗ್ಗೆ ಹೋದರೆ ಕೋಣೆ ಥಳಥಳ. ಭಾವ ಭಾನುವಾರ ಒಬ್ಬರೇ ಬಂದು ಪೆಟ್ಟಿಗೆಗಳ ಬೀಗ ತೆಗೆದು ಧೂಳು ಹೊಡೆದಿದ್ದಾರೆ, ಪ್ಲಗ್ ಬದಲಾಯಿಸಿದ್ದಾರೆ. "ನಿನ್ನ ಕೋಣೇಲಿ ಕೈಯಾಡಿಸಿದೆ, ಬೈಬೇಡ" ಎಂದು ಅವರೇ ಹೇಳಿದರು. ಪತ್ರಿಕೆಯ ಯಜಮಾನ ಭಾನುವಾರ ಬ್ರಷ್ ಹಿಡಿದು ಕೂರುವುದೆಂದರೇನು!

ಅಷ್ಟಕ್ಕೇ ಮುಗಿಯಲಿಲ್ಲ. ನನ್ನ ಮೇಜಿನ ಮೇಲೆ ಒಂದು ಪೊಟ್ಟಣ. ಬಿಚ್ಚಿದರೆ ಹೆಡ್‌ಫೋನ್. ಕಿವಿಯನ್ನು ಪೂರ್ತಿ ಮುಚ್ಚುವ, ಹೊರಗಿನ ಸದ್ದನ್ನೆಲ್ಲ ನುಂಗುವ ದುಬಾರಿ ಜಾತಿಯದು. ಒಳಗೆ ಅಕ್ಕನ ಕೈಬರಹದ ಚೀಟಿ: "ಫ್ಯಾನುಗಳ ಗದ್ದಲದಲ್ಲಿ ತಲೆ ಕೆಡಿಸ್ಕೋಬೇಡ. ಆರಾಮಾಗಿ ನಿನ್ನ ಪಾಡಿಗೆ ಹಾಡು ಕೇಳ್ತಾ ಕೆಲಸ ಮಾಡು. — ಅಕ್ಕ, ಭಾವ."

ಅಳು ಬಂತು. ಅಳುವಂಥದ್ದೇನಿದೆ, ಆದರೂ ಬಂತು. ಇವರು ಹೋದ ಮೇಲೆ ನನಗೆಂದೇ ಯಾರೂ ಏನನ್ನೂ ಕೊಂಡು ತಂದಿರಲಿಲ್ಲ. ಮಗಳಿಗೆ ತರುತ್ತಾರೆ, ಮನೆಗೆ ತರುತ್ತಾರೆ. ನನ್ನ ತಲೆಯ ಅಳತೆಗೆ ಪಟ್ಟಿ ಎಳೆದು ಕೂರಿಸುವ ಒಂದು ವಸ್ತು! ಅಕ್ಕನಿಗೆ ಫೋನ್ ಮಾಡಿದೆ.

"ಯಾಕೆ ಇಷ್ಟೆಲ್ಲ?"

"ಸುಮ್ನಿರೇ. ಅಂಗಡಿ ಅಂಗಡಿ ಸುತ್ತಿದಾರೆ ನಿಮ್ಮ ಭಾವ. ಹಾಕ್ಕೊಂಡಿದೀಯಾ ತಾನೆ? ದಿನಾ ಹಾಕ್ಕೋ, ಎತ್ತಿಡಬೇಡ."

ಹಾಕಿಕೊಂಡೇ ಇಡೀ ದಿನ ಕೆಲಸ ಮಾಡಿದೆ. ನೀರಿನೊಳಗೆ ಕೂತ ಹಾಗಿತ್ತು. ಆನೆಯ ಉದ್ದದ ಪರೀಕ್ಷೆ ಮತ್ತೆ ಮಾಡಿದೆ: ನಾಲ್ಕು ಗಂಟೆಯೂ 57, ಒಂದು ಅಂಕಿ ಅತ್ತಿತ್ತ ಇಲ್ಲ. ಶನಿವಾರ ನಿಜಕ್ಕೂ ಪ್ಲಗ್ಗಿನದೇ ಕಿತಾಪತಿ. ಭಾವನ ಅನುಭವವೇ ಅನುಭವ.

ಗುರುವಾರ, ಮಾರ್ಚ್ 13

ಕೋಣೆ 24.

ಮೊಲದ ಉದ್ದದ ಪರೀಕ್ಷೆ. 61ರಲ್ಲಿ ಹೊರಟು ನಲವತ್ತನೇ ನಿಮಿಷದ ಹೊತ್ತಿಗೆ 46. ಪಾಪದ ಮೊಲ. ಕಥೆಯಲ್ಲಿ ನಿದ್ದೆ ಮಾಡಿ ಸೋತಿತ್ತು, ಇಲ್ಲಿ ಬಿಸಿಯಾಗಿ ಸೋತಿತು.

ಮಧ್ಯೆ ಮಗಳ ಫೋನ್ ಬಂತೆಂದು ಹೆಡ್‌ಫೋನ್ ತೆಗೆದೆ. ಇರುವೆಗೆ ಆರನೇ ಕಾಲು ಸರಿಯಾಗಿ ಕೂರುತ್ತಿಲ್ಲವಂತೆ. ಅವಳ ಗೋಳಾಟದ ಹಿಂದೆ ಸೀಟಿ ಕೇಳಿಸಿತು. ಹಾಡುತ್ತಿದ್ದದ್ದು ಮೊಲ. ಹೋದ ವಾರ ತೆಪ್ಪಗಿತ್ತಲ್ಲ? ಹೆಚ್ಚು ಹೊತ್ತು ಓಡಿದರೆ ಎಲ್ಲವೂ ಹಾಡುತ್ತವೇನೋ. ಅಥವಾ ಆನೆಯ ಸದ್ದೇ ನನ್ನ ಕಿವಿಯಲ್ಲಿ ಉಳಿದಿದೆಯೇನೋ. ನಲವತ್ತೇಳು ದಾಟಿತು, ಕಿವಿಗೂ ವಯಸ್ಸಾಗಬೇಡವೇ? ಭಾವನಿಗೆ ಹೇಳಿದರೆ, "ಅದಕ್ಕೇ ಹೇಳಿದ್ದು, ಹೆಡ್‌ಫೋನ್ ತೆಗೀಬೇಡ ಅಂತ. ಭ್ರಮೆ ಶುರುವಾಗುತ್ತೆ" ಎಂದರು. ಮತ್ತೆ ಹಾಕಿಕೊಂಡೆ.

ಶನಿವಾರ, ಮಾರ್ಚ್ 15

ಕೋಣೆ 25. ಹನ್ನೊಂದು ವರ್ಷದಲ್ಲಿ ಇಷ್ಟು ಸ್ಪಷ್ಟ ಫಲಿತಾಂಶ ಬಂದದ್ದು ನೆನಪಿಲ್ಲ. ಚಿಕ್ಕದರಲ್ಲೂ ಆನೆ, ಉದ್ದದಲ್ಲೂ ಆನೆ. "ಪರೀಕ್ಷಿಸಿದವರು" ಎಂಬಲ್ಲಿ ಸಹಿ ಹಾಕಿ ಲಕೋಟೆ ಒಡೆದೆ. ಆನೆ ಅಂದರೆ ಕೆಂಪು ಡಬ್ಬ.

ಭಾವ ಚಪ್ಪಾಳೆ ತಟ್ಟಿದರು. "ಇವತ್ತೇ ತೀರ್ಪು ಬರೆದು ಮುಗಿಸ್ತೀನಿ."

"ನಾನು ಇವತ್ತೇ ಮಗಳಿಗೆ ಕೆಂಪು ಡಬ್ಬದ್ದು ಕೊಂಡುಬಿಡ್ತೀನಿ ಭಾವ."

ಅವರು ಪೆನ್ನಿನ ಮುಚ್ಚಳ ಹುಡುಕುತ್ತಿದ್ದರು. "ಹ್ಞಾಂ? ಹ್ಞೂಂ. ಒಳ್ಳೇದು" ಎಂದರು. ಮುಚ್ಚಳ ಅವರ ಕೈಯಲ್ಲೇ ಇತ್ತು.

ಸಂಜೆ ಮಗಳ ಜೊತೆ ಅಂಗಡಿಗೆ ಹೋಗಿ ತಂದೆ. ದಾರಿಯುದ್ದಕ್ಕೂ ಡಬ್ಬವನ್ನು ಹಸುಗೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡಿದ್ದಳು. ಅಂಗಡಿಯವನು "ಡಬ್ಬ ಒಡೆದ ಮೇಲೆ ವಾಪಸ್ಸಿಲ್ಲ" ಎಂದಾಗ ನಾನೇ ಜಂಬದಿಂದ, "ವಾಪಸ್ ತರೋ ಪ್ರಶ್ನೇನೇ ಇಲ್ಲ ಬಿಡಿ, ಇದನ್ನ ಪರೀಕ್ಷೆ ಮಾಡಿದ್ದೇ ನಾನು" ಎಂದೆ.

ಭಾನುವಾರ, ಮಾರ್ಚ್ 16

ಮಗಳ ಕೋಣೆ 27.

ಕಾರ್ಡು ಕೂರಿಸಿ ಇರುವೆಯ ಒಂದು ತುಣುಕನ್ನು ಓಡಿಸಿದಳು. ನಾನು ಬಟ್ಟೆ ಮಡಚುತ್ತ ಅವಳ ಮಂಚದ ಮೇಲೆ ಕೂತಿದ್ದೆ. ಹಾಡಿತು. ಅದೇ ಸೊಳ್ಳೆ, ಅದೇ ಸ್ವರ.

ಮೊದಲು ಖುಷಿಯಾಯಿತು, ದೇವರಾಣೆ. ನನ್ನ ಆನೆಯೇ ಮನೆಗೆ ಬಂತು ಎಂದು. ನಲವತ್ತು ನಿಮಿಷವಾದ ಮೇಲೆ ಮಗಳು, "ಅಮ್ಮ, ಇದ್ಯಾಕೆ ನಿಧಾನ ಆಯ್ತು?" ಎಂದಳು.

 ಕೈಯಲ್ಲಿದ್ದ ಬಟ್ಟೆ ಬಿಟ್ಟು ಈ ನೋಟ್‌ಬುಕ್ಕನ್ನು ತಂದು ಹಿಂದಿನ ಪುಟಗಳನ್ನು ತೆಗೆದೆ.

ಐದನೇ ತಾರೀಕು: ಆನೆ ಹಾಡುತ್ತದೆ. ಎಂಟು: ಆನೆ ಹಾಡುತ್ತಲೇ 61ರಿಂದ 46. ಹದಿಮೂರು: ಮೊಲ ಹಾಡುತ್ತಿತ್ತು, 61ರಿಂದ 46. ನನ್ನದೇ ಅಕ್ಷರದಲ್ಲಿ, ಎರಡು ಸಲ, ಅದೇ 46. ಮಧ್ಯದಲ್ಲಿ ಒಂದು ಭಾನುವಾರ.

ಹಾಡುವ ಕಾರ್ಡು ಮೊದಲ ವಾರ ಆನೆಯ ಪೆಟ್ಟಿಗೆಯಲ್ಲಿತ್ತು, ಎರಡನೇ ವಾರ ಮೊಲದ ಪೆಟ್ಟಿಗೆಯಲ್ಲಿ. ಚಿಕ್ಕ ಓಟವನ್ನು ಕೆಂಪೇ ಓಡಿತು. ಉದ್ದದ ಓಟವನ್ನು ಕೆಂಪಿನ ಹೆಸರಲ್ಲಿ ನೀಲಿ ಓಡಿತು. ಲಕೋಟೆಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ ಬೀಗುತ್ತಿದ್ದೆನಲ್ಲ, ಮೊದ್ದು!

ಮಗಳಿಗೆ ಇನ್ನೂ ಹೇಳಿಲ್ಲ. "ಬಿಸಿ ಇರಬೇಕು, ಕಿಟಕಿ ತೆಗಿ" ಎಂದಿದ್ದೇನೆ.

ಸೋಮವಾರ, ಮಾರ್ಚ್ 17

ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ.

ಹೋದ ಕೂಡಲೇ ಕೇಳಿದೆ: "ಭಾವ, ಆವತ್ತು ಭಾನುವಾರ ಬರೀ ಧೂಳು ಹೊಡೆದ್ರಾ?"

"ಇದೇನಮ್ಮ, ಬೆಳಿಗ್ಗೆ ಬೆಳಿಗ್ಗೆ ತನಿಖೆ?"

"ಕಾರ್ಡು ಅದಲು ಬದಲು ಮಾಡಿದ್ರಾ, ಇಲ್ವಾ?"

ಇಲ್ಲ ಅನ್ನಲಿ ಎಂದು ಕಾದೆ. ಇಲ್ಲ ಎಂದಿದ್ದರೆ ನಂಬಿಬಿಡುತ್ತಿದ್ದೆ, ಅಂಥ ಜಾತಿ ನಾನು. ಅವರು ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸತೊಡಗಿದರು.

"ನೋಡು. ಪತ್ರಿಕೆಯ ಕೊನೇ ಪುಟದಲ್ಲಿ ವರ್ಷವಿಡೀ ಕೆಂಪು ಡಬ್ಬದವರ ಜಾಹೀರಾತು. ಅವರು ಕೈ ಬಿಟ್ರೆ ಈ ಕೋಣೆಗೆ ಬೀಗ. ನಾನೂ ಮನೇಲಿ, ನೀನೂ ಮನೇಲಿ."

"ನನಗೊಂದು ಮಾತು ಹೇಳಬಹುದಿತ್ತಲ್ಲ?"

"ಹೇಳಿದ್ರೆ ಸಹಿ ಹಾಕ್ತಿದ್ಯಾ?"

"ಇಲ್ಲ."

"ಅದಕ್ಕೇ ಹೇಳ್ಲಿಲ್ಲ. ಪಾಪ ನನ್ನ ತಲೆಗೆ ಬರಲಿ, ನೀನು ನಿನ್ನ ಪಾಡಿಗೆ ಶುದ್ಧವಾಗಿರು ಅಂತ."

ಎಷ್ಟು ಚೆನ್ನಾಗಿ ಹೇಳಿದರು! ನನ್ನ ಕಟ್ಟಳೆಗಳಿಗೂ ಅವರ ಮೋಸಕ್ಕೂ ಎಷ್ಟು ಸಲೀಸಾಗಿ ಹೊಂದಿಕೆಯಾಯಿತು ಎಂದು ಈಗ ಹೊಳೆಯುತ್ತಿದೆ. ಕಣ್ಣು ಕಟ್ಟಿಕೊಂಡವಳು ನಾನೇ. ಅವರು ಕೈ ಹಿಡಿದು ತಮಗೆ ಬೇಕಾದ ಬಾಗಿಲಿಗೆ ಕರೆದೊಯ್ದರು, ಅಷ್ಟೇ.

"ಶನಿವಾರ ನಿಮ್ಮ ಎದುರಿಗೇ ಹೇಳಿದ್ನಲ್ಲ, ಮಗಳಿಗೆ ಕೆಂಪು ಕೊಳ್ತೀನಿ ಅಂತ. ಆಗಲಾದ್ರೂ ಬೇಡ ಅನ್ನಬಾರ್ದಿತ್ತಾ?"

"ಬೇಡ ಅಂದಿದ್ರೆ ನಿನಗೆ ಅನುಮಾನ ಬರ್ತಿತ್ತು" ಎಂದರು. ಅಷ್ಟು ಸರಾಗವಾಗಿ, ಸಾಲು ತಪ್ಪಿದ ವಾಕ್ಯ ತಿದ್ದುವ ಹಾಗೆ. ಅವಳು ಅವರ ಬೆನ್ನ ಮೇಲೆ ಉಪ್ಪುಮೂಟೆ ಆಡಿ ಬೆಳೆದ ಮಗು.

ಆಮೇಲೆ ಎದ್ದು ಆನೆಯ ಪೆಟ್ಟಿಗೆಯ ಬೀಗ ತೆಗೆದು ಕಾರ್ಡನ್ನು ಹೊರಕ್ಕೆಳೆದರು. ನೀಲಿ. "ತಗೊಂಡು ಹೋಗು. ದೊಡ್ಡಪ್ಪ ಕೊಟ್ರು ಅಂತ ಹೇಳು. ಅವಳ ಸಿನಿಮಾನೂ ಮುಗಿಯುತ್ತೆ, ನಮ್ಮದೂ ಇಲ್ಲಿಗೇ ಮುಗಿಯುತ್ತೆ."

ನನ್ನ ಕೈ ಮುಂದೆ ಹೋಗಿತ್ತು, ಇಲ್ಲಿ ಸುಳ್ಳು ಯಾಕೆ ಬರೆಯಲಿ. ಬೆರಳು ತಗಡಿಗೆ ತಾಗಿತ್ತು ಕೂಡ. "ಇಲ್ಲಿಗೇ ಮುಗಿಯುತ್ತೆ" ಎಂಬ ಮಾತು ಆಮೇಲೆ ತಲೆಗೆ ಹೋಯಿತು. ಕೈ ಹಿಂದೆ ತೆಗೆದುಕೊಂಡೆ.

ಬಾಗಿಲವರೆಗೆ ಬಂದವಳು ತಿರುಗಿ ಕೇಳಿದೆ. ಕೇಳಬಾರದಿತ್ತು.

"ಹೆಡ್‌ಫೋನೂ ಇದಕ್ಕೇನಾ?"

"ಅದು ನನ್ನ ಐಡಿಯಾ ಅಲ್ಲಮ್ಮ. ಆನೆ ಹಾಡುತ್ತೆ ಅಂತ ನೀನು ಹೇಳಿದ್ದನ್ನ ಮನೇಲಿ ಹೇಳಿದ್ದೆ. 'ಅವಳ ಕಿವಿ ನಿಮಗೆ ಗೊತ್ತಿಲ್ಲ, ಮುಚ್ಚಿಸದಿದ್ರೆ ಸಿಕ್ಕಿಬೀಳ್ತೀರಿ' ಅಂದ್ಲು ನಿಮ್ಮಕ್ಕ."

ಮಂಗಳವಾರ, ಮಾರ್ಚ್ 18

ಕಿವಿಗೆ ಹೂವಿಟ್ಟರು ಎನ್ನುತ್ತಾರಲ್ಲ. ನನಗೆ ಹೆಡ್‌ಫೋನ್ ಇಟ್ಟರು. ನಾನು ಆನಂದಬಾಷ್ಪ ಸುರಿಸಿದೆ.

ಬುಧವಾರ, ಮಾರ್ಚ್ 19

ಕೆಲಸಕ್ಕೆ ಹೋಗಲಿಲ್ಲ. ಹನ್ನೊಂದರ ಹೊತ್ತಿಗೆ ಅಕ್ಕ ಬಂದಳು. ಮೆಟ್ಟಿಲು ಹತ್ತಿದ್ದಕ್ಕೆ ಏದುಸಿರು. ಕುರ್ಚಿ ಎಳೆದು ಕೊಟ್ಟೆ, ನೀರು ಕೊಟ್ಟೆ. ಅಭ್ಯಾಸ.

"ಮನೆಮಾತು ಮನೇಲೇ ಇರಲಿ ಕಣೇ" ಎಂದಳು.

"ನೀನು ಒಂದು ಸಲಾನೂ ಯೋಚಿಸಲಿಲ್ವಾ ಅಕ್ಕ? ಚೀಟಿ ಬರೆಯುವಾಗ?"

"ನಿನ್ನ ಒಳ್ಳೇದಕ್ಕೇ ಬರೆದದ್ದು. ಪತ್ರಿಕೆ ನಿಂತ್ರೆ ನಿನ್ನ ಗತಿ ಏನು? ನಾವು ಇದ್ದದ್ದರಲ್ಲಿ ಹೇಗೋ ಇದ್ದುಬಿಡ್ತೀವಿ. ನೀನು, ಆ ಹುಡುಗಿ?"

"ನನ್ನ ಗತಿ ನಾನು ನೋಡ್ಕೊಳ್ತಿದ್ದೆ. ನನ್ನ ಕಿವಿ ವಿಷಯ ಹೇಳಿಕೊಡೋಕೆ ನಿನಗೆ ಹೇಗೆ ಮನಸ್ಸು ಬಂತು?"

ಅಕ್ಕ ಸೆರಗಿನಿಂದ ಮೂಗೊರೆಸಿಕೊಂಡು, "ನೀನು ಚಿಕ್ಕಂದಿನಿಂದಲೂ ಹಟಮಾರಿ" ಎಂದಳು. ಹೋಗುವಾಗ ಮಗಳ ಕೋಣೆಗೆ ಇಣುಕಿ, "ಏನು ಮಾಡ್ತಿದೀಯಾ ಪುಟ್ಟಾ?" ಎಂದು ಕೇಳಿ ತಲೆ ಸವರಿದಳು. 

ಅವಳು ಹೋದ ಮೇಲೆ ಮಗಳಿಗೆ ಎಲ್ಲ ಹೇಳಿದೆ. ಅವಳು ಕಾಗದ ತೆಗೆದು ಲೆಕ್ಕ ಹಾಕಿದಳು: ಇರುವೆಯ ಕಾಲಿನ ಕೆಲಸ ಮುಗಿಸಿ ನಾಳೆ ಸಂಜೆ ಓಡಿಸಲು ಶುರು ಮಾಡಿದರೆ ನೀಲಿಗೆ ಭಾನುವಾರ ಮುಗಿಯುತ್ತಿತ್ತು, ಇದಕ್ಕೆ ಸೋಮವಾರ ಸಂಜೆ. ಚಿತ್ರಶಾಲೆಯವರು ಆವತ್ತು ಮಧ್ಯಾಹ್ನ ಹನ್ನೆರಡಕ್ಕೇ ಬಾಗಿಲು ಮುಚ್ಚುತ್ತಾರೆ.

"ನೀಲಿ ಕಾರ್ಡು ಕೊಡ್ತೀನಿ ಅಂದ್ರು. ನಾನೇ ಬೇಡ ಅಂದೆ" ಎಂದೆ. ಬೈಯಲಿ ಎಂದು ಕಾದೆ.

"ಟೇಬಲ್ ಫ್ಯಾನ್ ಎಲ್ಲಿದೆ ಅಮ್ಮ?" ಎಂದಳು.

ಶುಕ್ರವಾರ, ಮಾರ್ಚ್ 21

ಪೆಟ್ಟಿಗೆಯ ಪಕ್ಕದ ತಗಡು ಬಿಚ್ಚಿ, ಟೇಬಲ್ ಫ್ಯಾನನ್ನು ಅದರ ಹೊಟ್ಟೆಗೇ ತಿರುಗಿಸಿ ಇಟ್ಟಿದ್ದಾಳೆ. ನನ್ನ ಪಟ್ಟಿಯ ಲೆಕ್ಕದಲ್ಲಿ 46 ಇದ್ದದ್ದು 47ರಷ್ಟಾಗಿದೆ. ಸಾಲದು.

ಮಧ್ಯಾಹ್ನ ಮೂರಕ್ಕೆ ಮುದ್ರಣದ ಮೇಸ್ತ್ರಿಯ ಫೋನ್. ತಿಂಗಳು ತಿಂಗಳೂ ಮಾಡುವ ಫೋನ್ ಇದು. ಅವರು ನನ್ನ ಅಂಕಿಪಟ್ಟಿಯನ್ನು ಜೋರಾಗಿ ಓದುತ್ತಾರೆ, ಒಂದೊಂದು ಅಂಕಿಗೂ ನಾನು "ಸರಿ" ಎನ್ನಬೇಕು. ಎಲ್ಲಕ್ಕೂ ಸರಿ ಬಿದ್ದ ಮೇಲೆಯೇ ಯಂತ್ರ ಶುರು. ಒಂದು ಸಲ 39 ಇದ್ದದ್ದು 93 ಎಂದು ಅಚ್ಚಾದ ಮೇಲೆ ಮಾಡಿಕೊಂಡ ಪದ್ಧತಿ. ನಾನು ಕೆಲಸಕ್ಕೆ ಹೋಗುತ್ತಿಲ್ಲವೆಂದು ಅವರಿಗೆ ಯಾರೂ ಹೇಳಿಲ್ಲ. ಹೇಳಬೇಕೆಂದು ಭಾವನಿಗೆ ಹೊಳೆದೂ ಇರಲಿಕ್ಕಿಲ್ಲ. ನನ್ನ "ಸರಿ" ಅವರಿಗೆ ಅಷ್ಟು ಖಾತ್ರಿ.

"ಚಿಕ್ಕ ಪರೀಕ್ಷೆ, ಕೆಂಪು 92, ನೀಲಿ 86."

"ಸರಿ."

"ಎರಡನೇದು, ಕೆಂಪು 118, ನೀಲಿ 111."

"ಸರಿ."

"ಉದ್ದದ ಪರೀಕ್ಷೆ, ನಾಲ್ಕು ಗಂಟೆ. ಕೆಂಪು 57, ನೀಲಿ 46."

 ಸರಿ ಎಂದರೆ ಕೋಣೆ ಉಳಿಯುತ್ತದೆ, ಕುರ್ಚಿ ಉಳಿಯುತ್ತದೆ, ಅಕ್ಕ ಉಳಿಯುತ್ತಾಳೆ. ಪಕ್ಕದ ಕೋಣೆಯಲ್ಲಿ ಸೊಳ್ಳೆ ಹಾಡುತ್ತಿತ್ತು.

"ಮೇಡಂ, ಕೇಳಿಸ್ತಿದೆಯಾ?"

"ಕೇಳಿಸ್ತಿದೆ. ಅದು ತಪ್ಪು. ಕೆಂಪು 46, ನೀಲಿ 57. ಅದಲು ಬದಲಾಗಿದೆ."

"ಅಯ್ಯೋ ಹೌದಾ? ಆದರೆ ಮೇಡಂ, ಸಾಹೇಬ್ರ ತೀರ್ಪಲ್ಲಿ ಕೆಂಪೇ ಎಲ್ಲದರಲ್ಲೂ ಗೆದ್ದಿದೆ ಅಂತಿದೆಯಲ್ಲ?"

"ತೀರ್ಪು ಸಾಹೇಬ್ರದ್ದು, ನೀವು ಮುಟ್ಟಬೇಡಿ. ಅಂಕಿ ನನ್ನದು. ಕೆಳಗೆ ಸಹಿ ಯಾರದಿದೆ?"

"ನಿಮ್ಮದೇ."

"ಹಾಗಾದ್ರೆ ತಿದ್ದಿ ಇನ್ನೊಂದು ಸಲ ಓದಿ."

ಓದಿದರು. ಸರಿ ಎಂದೆ.

ಸೋಮವಾರ, ಮಾರ್ಚ್ 24

ಮಗಳ ಕೋಣೆ 29 ಡಿಗ್ರಿ.

ಪೂರ್ತಿ ಮುಗಿಯಲಿಲ್ಲ. ಹನ್ನೊಂದು ಗಂಟೆಗೆ ಇನ್ನೂ ಇಪ್ಪತ್ತು ಸೆಕೆಂಡಿನ ಚಿತ್ರಗಳು ಬಾಕಿ. ಇರುವೆ ಗೂಡು ತಲುಪುವ ಭಾಗ, ಅವಳು ಎರಡು ತಿಂಗಳು ಕೂತು ಮಾಡಿದ್ದು. ಅದನ್ನು ಕತ್ತರಿಸಿ, ದಾರಿಯಲ್ಲಿ ಇರುವೆ ನಿಂತು ಸೂಜಿಯನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿಕೊಳ್ಳುವಲ್ಲಿಗೇ ಮುಗಿಸಿ ಕಳಿಸಿಬಿಟ್ಟಳು. "ನೋಡಿದೋರಿಗೆ ಗೊತ್ತಾಗಲ್ಲ ಬಿಡಮ್ಮ" ಎಂದಳು. ಗೊತ್ತಾಗಲಿಕ್ಕಿಲ್ಲ. ನನಗೆ ಗೊತ್ತು, ಅವಳಿಗೆ ಗೊತ್ತು. ಆಮೇಲೆ ಗೋಡೆ ಕಡೆ ತಿರುಗಿ ಮಲಗಿದಳು. ಕಾರ್ಡಿನ ಹಾಡು ನಿಂತಿತು.

ಪತ್ರಿಕೆ ಬೆಳಿಗ್ಗೆ ಅಂಗಡಿಗಳಿಗೆ ಹೋಗಿದೆ. ಎಡಪುಟದಲ್ಲಿ ದಪ್ಪಕ್ಷರದ ತೀರ್ಪು: ಎಲ್ಲದರಲ್ಲೂ ಕೆಂಪು. ಬಲಪುಟದಲ್ಲಿ ನನ್ನ ಪಟ್ಟಿ: ಕೆಂಪು 46, ನೀಲಿ 57. ಓದುಗರು ಕುರುಡರಲ್ಲ.

ನಾಲ್ಕಕ್ಕೆ ಅಕ್ಕನ ಫೋನ್. ತೆಗೆಯಬಾರದು ಎಂದುಕೊಂಡೇ ತೆಗೆದೆ.

"ಏನು ಮಾಡಿಬಿಟ್ಟೆ ನೀನು? ಬೆಳಿಗ್ಗೆಯಿಂದ ಓದುಗರ ಫೋನು, ಕೆಂಪು ಡಬ್ಬದವರ ಫೋನು! ಅವರು ಊಟ ಬಿಟ್ಟು ಕೂತಿದ್ದಾರೆ. ಅನ್ನ ಹಾಕಿದ ಮನೇನ ಮುಳುಗಿಸಿದೆಯಲ್ಲೇ. ಒಡಹುಟ್ಟಿದವಳು ಮಾಡೋ ಕೆಲಸವೇನೇ ಇದು?"

ಒಡಹುಟ್ಟಿದವಳು! ನಾನೂ ಹತ್ತು ಮಾತು ಜೋಡಿಸಿಟ್ಟುಕೊಂಡಿದ್ದೆ, ಒಂದಕ್ಕಿಂತ ಒಂದು ಹರಿತ. ನಾಲ್ಕು ದಿನದಿಂದ ಪಾತ್ರೆ ತೊಳೆಯುತ್ತ ಮಸೆದಿದ್ದವು. ಹೇಳಲು ಬಾಯಿ ತೆರೆದೆ. ಅವಳು ಮಾತಿನ ಮಧ್ಯೆ ಉಸಿರೆಳೆದುಕೊಂಡಳು. ಆ ಉಸಿರಿನ ತುದಿಯಲ್ಲಿ, ತುಂಬ ಸಣ್ಣಗೆ, ಸೀಟಿ.

ಭಾವ ಪಕ್ಕದಲ್ಲೇ ಕೂತಿರಬೇಕು. ಅವರಿಗೆ ಕೇಳಿಸಿರುವುದಿಲ್ಲ.

"ಅಕ್ಕ, ಇನ್‌ಹೇಲರ್ ತಗೋ. ಈಗಲೇ" ಎಂದೆ.

 ಆ ಕಡೆ ಡ್ರಾಯರ್ ಎಳೆದ ಸದ್ದು, ಔಷಧಿ ಎಳೆದುಕೊಂಡ ಸದ್ದು, ಒಂದು, ಎರಡು. ಅಷ್ಟು ಕೇಳಿ ಫೋನ್ ಇಟ್ಟೆ.

ಹೆಡ್‌ಫೋನ್ ಚೀಲದಲ್ಲೇ ಇತ್ತು. ತೆಗೆದು ಹಾಕಿಕೊಂಡು, ಪಟ್ಟಿ ಬಿಗಿ ಮಾಡಿ ಕೂತೆ. ಬೀದಿಯ ಸದ್ದು ಹೋಯಿತು, ಫ್ಯಾನಿನ ಸದ್ದು ಹೋಯಿತು. ಆ ಸೀಟಿ ಮಾತ್ರ ನಿಲ್ಲಲಿಲ್ಲ.